ಮೊದಲ ಸಲ ಹಾಸ್ಟೆಲ್ ಆರಿಸುವವರಿಗೆ: ಹಾಸಿಗೆ ಕಾಯ್ದಿರಿಸುವ ಮುನ್ನ ನೋಡಬೇಕಾದದ್ದು

ಮೊದಲ ಸಲ ಬೆನ್ನುಚೀಲ ಹೊತ್ತು ಹೊರಡುವವರು ಹಾಸ್ಟೆಲ್ ಹುಡುಕುವ ಬಗೆ ಹೆಚ್ಚುಕಡಿಮೆ ಒಂದೇ. ಆ್ಯಪ್ ತೆರೆದು ಊರು, ದಿನಾಂಕ ತುಂಬುತ್ತಾರೆ. ಅಗ್ಗದ್ದು ಮೇಲೆ ಬರುವಂತೆ ಪಟ್ಟಿ ಜೋಡಿಸಿಕೊಳ್ಳುತ್ತಾರೆ. ಮೊದಲ ನಾಲ್ಕೈದರಲ್ಲಿ ಚಿತ್ರ ಚೆಂದ ಕಂಡದ್ದಕ್ಕೆ ಹಣ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಹೋಟೆಲ್ ಕೋಣೆಗಾದರೆ ಇಷ್ಟು ಸಾಕಾಗಬಹುದು. ಬಾಗಿಲು ಹಾಕಿಕೊಂಡ ಮೇಲೆ ಹೊರಗಿನವರ ಗೊಡವೆ ಇರುವುದಿಲ್ಲ. ಹಾಸ್ಟೆಲ್‌ನಲ್ಲಿ ನೀವು ಬಾಡಿಗೆ ಕೊಡುವುದು ಹಲವರು ಮಲಗುವ ಕೋಣೆಯೊಳಗಿನ ಒಂದು ಮಂಚಕ್ಕೆ. ಪಕ್ಕದ ಮಂಚಕ್ಕೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಬಂದು ದೀಪ ಹಾಕುತ್ತಾರೋ ಇಲ್ಲವೋ ಎಂಬುದೆಲ್ಲ ನಿಮ್ಮ ಹಿಡಿತದಲ್ಲಿಲ್ಲ. ಹಿಡಿತದಲ್ಲಿರುವುದು ಆಯ್ಕೆ ಮಾತ್ರ. ಆದ್ದರಿಂದ ಬೆಲೆಯನ್ನು ಕಟ್ಟಕಡೆಗೆ ನೋಡಿ ಎಂಬುದು ನನ್ನ ಸಲಹೆ. ಅದಕ್ಕೂ ಮುಂಚೆ ನೋಡಬೇಕಾದದ್ದು ಬೇಕಾದಷ್ಟಿದೆ.

ಆ ರಾತ್ರಿ ನಿಮಗೇನು ಬೇಕು?

ಎಲ್ಲರಿಗೂ ಒಗ್ಗುವ ಒಳ್ಳೆಯ ಹಾಸ್ಟೆಲ್ ಎಂಬುದೊಂದಿಲ್ಲ. ಬೆಳಗಿನ ಜಾವ ವಿಮಾನ ಹಿಡಿಯಬೇಕಾದವರಿಗೂ, ಒಂಟಿಯಾಗಿ ಬಂದು ಮಾತಿಗೆ ಜೊತೆ ಹುಡುಕುತ್ತಿರುವವರಿಗೂ ಒಂದೇ ಜಾಗ ಹಿಡಿಸುವುದಿಲ್ಲ. ಅಷ್ಟೇಕೆ, ಒಂದೇ ಪ್ರವಾಸದಲ್ಲಿ ಒಬ್ಬರಿಗೇ ಒಂದೊಂದು ಊರಿನಲ್ಲಿ ಒಂದೊಂದು ಬಗೆಯ ಹಾಸ್ಟೆಲ್ ಬೇಕಾಗುತ್ತದೆ. ಹಾಗಾಗಿ ಆ್ಯಪ್ ತೆರೆಯುವ ಮೊದಲು ಆ ಊರಿನಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ನೀವೇನು ಮಾಡುತ್ತಿರುತ್ತೀರಿ ಎಂದು ಯೋಚಿಸಿ. ನಿದ್ದೆಯೇ? ಕುಣಿತವೇ? ಲ್ಯಾಪ್‌ಟಾಪ್ ಮುಂದೆ ಕೆಲಸವೇ?

ಹಾಸ್ಟೆಲ್‌ಗಳು ತಮ್ಮ ಸ್ವಭಾವವನ್ನು ಬಚ್ಚಿಡುವುದಿಲ್ಲ; ಪರಿಚಯದ ಸಾಲುಗಳಲ್ಲೇ ಹೇಳಿಕೊಂಡಿರುತ್ತವೆ. ಛಾವಣಿಯ ಮೇಲಿನ ಬಾರ್, ದಿನಾ ಸಂಜೆ ಪಬ್ ಸುತ್ತಾಟ, ಡಿಜೆ ರಾತ್ರಿ ಎಂದೆಲ್ಲ ಬರೆದಿದ್ದರೆ ಅದು ಪಾರ್ಟಿ ಹಾಸ್ಟೆಲ್. ಅಲ್ಲಿ ಮಲಗಿ ನಿದ್ದೆ ಬರಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಒಟ್ಟಿಗೆ ಅಡುಗೆ ಮಾಡುವ ಸಂಜೆ, ನಡೆದುಕೊಂಡು ಊರು ನೋಡುವ ಗುಂಪು, ಹಲಗೆ ಆಟಗಳು, ದೊಡ್ಡ ಊಟದ ಮೇಜು ಎಂದಿದ್ದರೆ ಜನ ಬೆರೆಯುವ ಜಾಗ. ಆದರೆ ರಾತ್ರಿ ಹನ್ನೊಂದರ ಹೊತ್ತಿಗೆ ಸಾಮಾನ್ಯವಾಗಿ ತಣ್ಣಗಾಗಿರುತ್ತದೆ. ಮೌನದ ಸಮಯ, ಕೆಲಸದ ಮೇಜು, ವೈಫೈ ವೇಗ ಇವುಗಳ ಮಾತೇ ಹೆಚ್ಚಿದ್ದರೆ ಒಬ್ಬರಿಗೊಬ್ಬರು ತಲೆಯೆತ್ತಿ ನೋಡದ ಜಾಗವೂ ಆಗಿರಬಹುದು. ನಿಲ್ದಾಣದ ಎದುರಿನ ದೊಡ್ಡ ಕಟ್ಟಡಗಳಲ್ಲಿ ಜನ ಒಂದು ರಾತ್ರಿ ತಂಗಿ ಮರುದಿನ ಹೊರಟುಬಿಡುತ್ತಾರೆ. ಅಲ್ಲಿ ಗೆಳೆತನ ನಿರೀಕ್ಷಿಸಬೇಡಿ, ಆದರೆ ಕೆಲಸ ಸಲೀಸು.

ಪಾರ್ಟಿ ಇಷ್ಟಪಡುವವರಿಗೂ ಮೊದಲ ರಾತ್ರಿಗೆ ನಾನು ಪಾರ್ಟಿ ಹಾಸ್ಟೆಲ್ ಹೇಳುವುದಿಲ್ಲ. ಹೊಸ ಊರು, ಪ್ರಯಾಣದ ಆಯಾಸ, ಚೀಲದಲ್ಲಿ ಯಾವುದು ಎಲ್ಲಿದೆ ಎಂದು ಇನ್ನೂ ಕೈಗೆ ಗೊತ್ತಾಗಿರುವುದಿಲ್ಲ. ಜನ ಬೆರೆಯುವ, ಆದರೆ ಹೊತ್ತಿಗೆ ಮಲಗುವ ಹಾಸ್ಟೆಲ್‌ನಲ್ಲಿ ಎರಡು ರಾತ್ರಿ ಕಳೆದು ಆಮೇಲೆ ಬೇಕಾದರೆ ಗದ್ದಲದ ಕಡೆಗೆ ಹೋಗಬಹುದು. ಇನ್ನೊಂದು ಮಾತು: ಪುಕ್ಕಟೆ ಮದ್ಯವನ್ನು ಹಾಸ್ಟೆಲ್‌ನ ಗುಣವೆಂದು ಎಣಿಸಬೇಡಿ. 2024ರ ನವೆಂಬರ್‌ನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್ ಎಂಬ ಬ್ಯಾಕ್‌ಪ್ಯಾಕರ್‌ಗಳ ಊರಿನಲ್ಲಿ ಮೆಥನಾಲ್ ಎಂಬ ವಿಷಕಾರಿ ಆಲ್ಕೊಹಾಲ್ ಬೆರೆತ ಮದ್ಯದಿಂದ ಆರು ಮಂದಿ ವಿದೇಶಿ ಪ್ರವಾಸಿಗರು ಸತ್ತರು. ಮೆಥನಾಲ್‌ಗೆ ಗುರುತು ಹಿಡಿಯುವಂಥ ಬೇರೆ ರುಚಿಯಿಲ್ಲ. ಯಾವ ಬಾಟಲಿಯಿಂದ ಬಂತೆಂದು ಗೊತ್ತಿಲ್ಲದ ಲೋಟವನ್ನು ಮುಟ್ಟದಿರುವುದೇ ಕ್ಷೇಮ.

ನಕ್ಷೆಯ ಮುಂದೆ ಹತ್ತು ನಿಮಿಷ

'ನಗರ ಕೇಂದ್ರದಿಂದ 2 ಕಿ.ಮೀ.' ಎಂದು ಆ್ಯಪ್ ಹೇಳುವ ದೂರ ಬಹಳ ಸಲ ನೇರಗೆರೆಯ ದೂರ. ನಡುವೆ ನದಿಯೋ ರೈಲು ಹಳಿಯೋ ಇದ್ದರೆ ಅದು ಕಾಲಿಗೆ ಮೂರು ಕಿಲೋಮೀಟರ್ ಮೀರುತ್ತದೆ. ಅಲ್ಲದೆ ಆ 'ಕೇಂದ್ರ' ಆ್ಯಪ್ ಗುರುತಿಸಿದ್ದು, ನಿಮ್ಮದಲ್ಲ. ನಿಮ್ಮ ಲೆಕ್ಕಕ್ಕೆ ಬೇಕಾದವು ಎರಡೇ ಬಿಂದುಗಳು: ನೀವು ಊರಿಗೆ ಬಂದಿಳಿಯುವ ನಿಲ್ದಾಣ ಮತ್ತು ಹೆಚ್ಚು ಹೊತ್ತು ಓಡಾಡುವ ಬಡಾವಣೆ. ಎರಡರಿಂದಲೂ ಹಾಸ್ಟೆಲ್‌ಗೆ ನಡಿಗೆಯ ದಾರಿ ಹಾಕಿ ನೋಡಿ. ಬೆನ್ನ ಮೇಲೆ ಹನ್ನೆರಡು ಕಿಲೋ ಇರುವಾಗ ನಕ್ಷೆಯ ಹದಿನೈದು ನಿಮಿಷ ಇಪ್ಪತ್ತಾಗುತ್ತದೆ. ದಾರಿ ಏರಾಗಿದ್ದರೆ ಇನ್ನೂ ಹೆಚ್ಚು.

ರಸ್ತೆಯ ಚಿತ್ರ ತೋರಿಸುವ ಸೌಲಭ್ಯ ಆ ಊರಿಗೆ ಇದ್ದರೆ ಹಾಸ್ಟೆಲ್‌ನ ಬಾಗಿಲವರೆಗೂ ಪರದೆಯ ಮೇಲೆಯೇ ಒಮ್ಮೆ ನಡೆದುಬಿಡಿ. ಕೊನೆಯ ಇನ್ನೂರು ಮೀಟರ್ ಮುಖ್ಯ. ಬೀದಿದೀಪ ಇವೆಯೇ, ಸಂಜೆಯೂ ತೆರೆದಿರುವಂಥ ಅಂಗಡಿಗಳಿವೆಯೇ, ಬಾಗಿಲು ರಸ್ತೆಗೇ ಇದೆಯೇ ಅಥವಾ ಓಣಿಯೊಳಗೆ ಹೊಕ್ಕು ಮೆಟ್ಟಿಲೇರಬೇಕೇ? ಕೆಳಗೆ ಅಥವಾ ಎದುರಿಗೆ ಕ್ಲಬ್ ಇದ್ದರೆ ಹಾಸ್ಟೆಲ್ ಎಷ್ಟೇ ಶಾಂತವಾಗಿದ್ದರೂ ನಿಮ್ಮ ರಾತ್ರಿ ಶಾಂತವಾಗಿರುವುದಿಲ್ಲ. ಕೊನೆಯ ಬಸ್ಸು ಅಥವಾ ಮೆಟ್ರೊ ಎಷ್ಟು ಹೊತ್ತಿಗೆ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಊರಾಚೆಯ ಅಗ್ಗದ ಹಾಸಿಗೆಯಲ್ಲಿ ಉಳಿಸಿದ ಹಣ ಎರಡು ರಾತ್ರಿಯ ಟ್ಯಾಕ್ಸಿಗೆ ಹೋಗಿಬಿಡುವುದು ತೀರಾ ಸಾಮಾನ್ಯ.

ಎಷ್ಟು ಮಂಚದ ಕೋಣೆ?

ಡಾರ್ಮ್‌ಗಳು, ಅಂದರೆ ಹಲವರು ಒಟ್ಟಿಗೆ ಮಲಗುವ ಕೋಣೆಗಳು, ನಾಲ್ಕು ಮಂಚದಿಂದ ಹಿಡಿದು ಹನ್ನೆರಡು, ಹದಿನಾರು, ಕೆಲವೆಡೆ ಅದಕ್ಕೂ ಹೆಚ್ಚಿನವರೆಗೆ ಇರುತ್ತವೆ. ಮಂಚ ಹೆಚ್ಚಾದಂತೆ ಬೆಲೆ ಇಳಿಯುತ್ತದೆ, ಬಾಗಿಲು ತೆರೆಯುವ ಸಲ ಏರುತ್ತದೆ. ಹನ್ನೆರಡು ಮಂದಿಯ ಕೋಣೆಯಲ್ಲಿ ಒಬ್ಬೊಬ್ಬರು ರಾತ್ರಿ ಒಮ್ಮೆ ಎದ್ದು ಹೋಗಿ ಬಂದರೂ ಬಾಗಿಲು ಇಪ್ಪತ್ತನಾಲ್ಕು ಸಲ ಸದ್ದು ಮಾಡುತ್ತದೆ. ಹಾಗೆಂದು ನಾಲ್ಕು ಮಂಚದ್ದೇ ಮೇಲು ಎನ್ನಲಾರೆ. ಉಳಿದ ಮೂವರು ಒಂದೇ ಗುಂಪಿನ ಗೆಳೆಯರಾಗಿದ್ದರೆ ನೀವು ಅವರ ಮನೆಗೆ ಕರೆಯದೇ ಬಂದ ಅತಿಥಿಯಂತಾಗುತ್ತೀರಿ. ಆರು ಅಥವಾ ಎಂಟು ಮಂಚದ ಕೋಣೆ ಮೊದಲ ಸಲದವರಿಗೆ ಸರಿಯಾದ ಅಳತೆ ಎಂಬುದು ನನ್ನ ಎಣಿಕೆ.

ಗಂಡು ಹೆಣ್ಣು ಇಬ್ಬರೂ ಇರುವ ಮಿಶ್ರ ಡಾರ್ಮ್ ಹಲವು ಹಾಸ್ಟೆಲ್‌ಗಳಲ್ಲಿ ರೂಢಿ. ಮಹಿಳೆಯರಿಗೆ ಮಾತ್ರ ಮೀಸಲಾದ ಕೋಣೆ ಬೇಕಿದ್ದರೆ ಹಾಗೆಂದೇ ಬರೆದಿರುವುದನ್ನು ಆರಿಸಬೇಕು. ಏನೂ ಬರೆದಿಲ್ಲದಿದ್ದರೆ ಮಿಶ್ರ ಎಂದೇ ತಿಳಿಯಿರಿ. ಮಹಿಳಾ ಡಾರ್ಮ್ ಸ್ವಲ್ಪ ದುಬಾರಿಯಾಗಿರುವುದುಂಟು, ಮೊದಲು ಭರ್ತಿಯಾಗುವುದೂ ಉಂಟು. ಒಂಟಿಯಾಗಿ ಹೊರಟ ಮಹಿಳೆಯರು ಕೋಣೆಯ ಬಗೆಯಷ್ಟೇ ಗಮನ ಕೊಡಬೇಕಾದ ಸಂಗತಿ, ರಾತ್ರಿಯಿಡೀ ರಿಸೆಪ್ಷನ್‌ನಲ್ಲಿ ಮನುಷ್ಯರು ಇರುತ್ತಾರೆಯೇ ಎಂಬುದು. ಬಾಗಿಲಿಗೆ ಕೋಡ್ ಅಂಟಿಸಿ ಮನೆಗೆ ಹೋಗಿಬಿಡುವ ಹಾಸ್ಟೆಲ್‌ಗಳೂ ಇವೆ. ಅಲ್ಲಿ ನಡುರಾತ್ರಿ ತೊಂದರೆಯಾದರೆ ಹೇಳಿಕೊಳ್ಳಲು ಒಂದು ಫೋನ್ ನಂಬರ್ ಮಾತ್ರ ಇರುತ್ತದೆ.

ಕೋಣೆಯೊಳಗೇ ಬಚ್ಚಲು ಇದ್ದರೆ ಒಳ್ಳೆಯದೆಂದು ಎಲ್ಲರೂ ಹೆಚ್ಚು ಹಣ ಕೊಡುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಬೆಳಗಿನ ಐದಕ್ಕೆ ಸ್ನಾನಕ್ಕೆ ಹೋಗುವವರ ನೀರಿನ ಸದ್ದು, ಬಾಗಿಲ ಸಂದಿಯ ಬೆಳಕು, ಕೂದಲು ಒಣಗಿಸುವ ಯಂತ್ರ ಎಲ್ಲವೂ ಆಗ ಕೋಣೆಯೊಳಗೇ. ಎಂಟು ಮಂದಿಗೆ ಒಂದೇ ಬಚ್ಚಲಾದರೆ ಸರದಿಯೂ ಉಂಟು. ಹೊರಗಿನ ಪಡಸಾಲೆಯಲ್ಲಿ ನಾಲ್ಕೈದು ಬಚ್ಚಲುಗಳಿದ್ದು ಶುಚಿಯಾಗಿದ್ದರೆ ಅದೇ ನೆಮ್ಮದಿ.

ಇಬ್ಬರು ಒಟ್ಟಿಗೆ ಹೊರಟಿದ್ದರೆ ಎರಡು ಹಾಸಿಗೆಯ ಬೆಲೆ ಕೂಡಿಸಿ, ಅದೇ ಹಾಸ್ಟೆಲ್‌ನ ಖಾಸಗಿ ಕೋಣೆಯ ಬೆಲೆಯೊಂದಿಗೆ ಹೋಲಿಸಿ. ವ್ಯತ್ಯಾಸ ಎಷ್ಟೋ ಸಲ ತೀರಾ ಕಡಿಮೆ ಇರುತ್ತದೆ. ಕೋಣೆ ನಿಮ್ಮದು, ಊಟದ ಮೇಜು ಎಲ್ಲರದು.

ಚಿತ್ರ ನೋಡುವುದಲ್ಲ, ಅಳೆಯುವುದು

ಹಾಸ್ಟೆಲ್‌ಗಳು ಹಾಕುವ ಚಿತ್ರಗಳನ್ನು ಹೆಚ್ಚಾಗಿ ವೈಡ್ ಆ್ಯಂಗಲ್ ಲೆನ್ಸ್‌ನಿಂದ ತೆಗೆದಿರುತ್ತಾರೆ. ಇಕ್ಕಟ್ಟಿನ ಕೋಣೆಯೂ ಅದರಲ್ಲಿ ಹಜಾರದಂತೆ ಕಾಣುತ್ತದೆ. ಇದಕ್ಕೆ ಮದ್ದು ಚಿತ್ರದೊಳಗೇ ಇದೆ. ಒಂಟಿ ಹಾಸಿಗೆ ಸಾಮಾನ್ಯವಾಗಿ 190ರಿಂದ 200 ಸೆಂ.ಮೀ. ಉದ್ದ, 80ರಿಂದ 90 ಸೆಂ.ಮೀ. ಅಗಲ ಇರುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಂಡು ಎರಡು ಮಂಚಗಳ ನಡುವಿನ ಖಾಲಿ ಜಾಗವನ್ನು ನೋಡಿ. ಆ ಜಾಗ ಹಾಸಿಗೆಯ ಅಗಲಕ್ಕಿಂತ ಕಡಿಮೆ ಇದ್ದರೆ, ಇಬ್ಬರು ಏಕಕಾಲಕ್ಕೆ ಚೀಲ ಬಿಚ್ಚಿಕೊಂಡು ನಿಲ್ಲಲು ಆಗುವುದಿಲ್ಲ. ಆರು ಮಂದಿಯ ಚೀಲಗಳು ನೆಲಕ್ಕೆ ಬಂದ ಮೇಲಂತೂ ಬಾಗಿಲಿಗೆ ಹೋಗಲು ಜಿಗಿಯಬೇಕಾಗುತ್ತದೆ. ಚಿತ್ರದಲ್ಲಿ ಯಾವತ್ತೂ ಚೀಲಗಳಿರುವುದಿಲ್ಲ ಎಂಬುದನ್ನು ಮರೆಯಬೇಡಿ.

ಈಗ ಒಂದೇ ಮಂಚವನ್ನು ದೊಡ್ಡದು ಮಾಡಿ ನೋಡಿ. ತಲೆಯ ಬಳಿ ಪ್ಲಗ್ ಇದೆಯೇ? ಇದ್ದರೆ ಮೇಲಿನ ಮಂಚಕ್ಕೂ ಇದೆಯೇ, ಅಥವಾ ಗೋಡೆಯ ಬುಡದಲ್ಲಿ ಎಲ್ಲರಿಗೂ ಸೇರಿ ಒಂದೇ ಸ್ವಿಚ್‌ಬೋರ್ಡೇ? ಪ್ರತಿ ಮಂಚಕ್ಕೆ ಪುಟ್ಟ ದೀಪ ಇದ್ದರೆ ತಡವಾಗಿ ಬಂದವರು ಕೋಣೆಯ ದೊಡ್ಡ ದೀಪ ಹಾಕುವ ಪ್ರಮೇಯ ಬರುವುದಿಲ್ಲ. ನನ್ನ ಮಟ್ಟಿಗೆ ಇದು ಉಪಾಹಾರಕ್ಕಿಂತ ದೊಡ್ಡ ಸೌಲಭ್ಯ. ಪರದೆ ಇದ್ದರೆ ಬಟ್ಟೆ ಬದಲಿಸುವುದರಿಂದ ಹಿಡಿದು ಹಗಲು ನಿದ್ದೆಯವರೆಗೆ ಎಲ್ಲವೂ ಹಗುರ. ಕನ್ನಡಕ, ಮೊಬೈಲ್ ಇಡಲು ಗೇಣುದ್ದದ ಹಲಗೆ ಉಂಟೇ? ಮೇಲಿನ ಮಂಚಕ್ಕೆ ಹತ್ತುವ ಏಣಿ ತೆಳು ಕಬ್ಬಿಣದ ಕೊಳವೆಯದೋ, ಪಾದ ಊರುವಂಥ ಚಪ್ಪಟೆ ಮೆಟ್ಟಿಲಿನದೋ? ಕೊಳವೆಯ ಏಣಿಯನ್ನು ರಾತ್ರಿ ಮೂರಕ್ಕೆ ಬರಿಗಾಲಿನಲ್ಲಿ ಇಳಿದವರಿಗೆ ಈ ಪ್ರಶ್ನೆ ಏಕೆಂದು ಗೊತ್ತು. ಮೇಲಿನ ಹಾಸಿಗೆಗೆ ತಡೆಗಂಬಿ ಇದೆಯೇ, ಅದು ಹಾಸಿಗೆಯ ಮಟ್ಟಕ್ಕಿಂತ ಎದ್ದು ಕಾಣುವಷ್ಟು ಎತ್ತರವಿದೆಯೇ ಎಂಬುದನ್ನೂ ನೋಡಿ. ಹಾಸಿಗೆ ದಪ್ಪವಾಗಿ ಕಂಬಿ ಗಿಡ್ಡವಾದರೆ ಅದು ಅಲಂಕಾರಕ್ಕಷ್ಟೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎತ್ತರದವರಿಗೆ ಇಲ್ಲಿ ಅಕ್ಷರಶಃ ಅನ್ವಯ. ಆರಡಿಯ ಆಸುಪಾಸಿನವರು ಕಾಲಿನ ತುದಿಗೆ ಹಲಗೆಯಿಂದ ಮುಚ್ಚಿದ ಮಂಚಗಳನ್ನು ಬಿಟ್ಟು, ತೆರೆದಿರುವುದನ್ನು ಆರಿಸುವುದು ಒಳಿತು.

ಗೂಡಿನಂಥ ಪಾಡ್ ಹಾಸಿಗೆಗಳು ಈಗ ಎಲ್ಲೆಡೆ. 1979ರಲ್ಲಿ ಜಪಾನಿನ ಒಸಾಕಾದಲ್ಲಿ ತೆರೆದ ಮೊದಲ ಕ್ಯಾಪ್ಸೂಲ್ ಹೋಟೆಲ್ ಇವುಗಳ ಹಿರಿಯಣ್ಣ. ಏಕಾಂತಕ್ಕೆ ಇವು ಚೆನ್ನ. ಆದರೆ ಮೂರು ಕಡೆ ಹಲಗೆ, ನಾಲ್ಕನೆಯ ಕಡೆ ದಪ್ಪ ಪರದೆ ಆದಾಗ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಿ. ಒಳಗೆ ಪುಟ್ಟ ಫ್ಯಾನೋ ಗಾಳಿಕಂಡಿಯೋ ಕಾಣದಿದ್ದರೆ ಸೆಕೆಯ ಊರಿನಲ್ಲಿ ಬೇಡ.

ಕಾಣದಿರುವ ಚಿತ್ರವೂ ಮಾತಾಡುತ್ತದೆ. ಮೂವತ್ತು ಚಿತ್ರಗಳಲ್ಲಿ ಬಾರ್, ಗೋಡೆಯ ಬಣ್ಣದ ಚಿತ್ತಾರ, ನಗುವ ಜನ ಎಲ್ಲ ಇದ್ದು ಬಚ್ಚಲಿನದು ಒಂದೂ ಇಲ್ಲದಿದ್ದರೆ ನಾನು ಮುಂದಿನ ಹಾಸ್ಟೆಲ್‌ಗೆ ಹೋಗುತ್ತೇನೆ. ತಂಗಿದ್ದವರೇ ಹಾಕಿದ ಚಿತ್ರಗಳು ನಕ್ಷೆಯ ಆ್ಯಪ್‌ನಲ್ಲಿ ಸಿಗುತ್ತವೆ; ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹಾಸ್ಟೆಲ್‌ನ ಪ್ರಾಮಾಣಿಕತೆಯ ಅಂದಾಜು ಸಿಕ್ಕಿಬಿಡುತ್ತದೆ.

ರಿವ್ಯೂಗಳನ್ನು ಓದುವ ಕ್ರಮ

ಒಟ್ಟು ಅಂಕ ಮೋಸ ಮಾಡುತ್ತದೆ. ಜನರ ಉತ್ಸಾಹ, ಬಾರ್, ಸಿಬ್ಬಂದಿಯ ನಗು ಇವೆಲ್ಲ ಸೇರಿ ಅಂಕವನ್ನು ಮೇಲೆತ್ತುತ್ತವೆ. ಕೊಳಕು ಬಚ್ಚಲು ಆ ಸರಾಸರಿಯೊಳಗೆ ಅಡಗಿ ಕೂರುತ್ತದೆ. 1999ರಲ್ಲಿ ಐರ್ಲೆಂಡ್‌ನಲ್ಲಿ ಶುರುವಾದ ಹಾಸ್ಟೆಲ್‌ವರ್ಲ್ಡ್‌ನಂಥ, ಹಾಸಿಗೆ ಕಾಯ್ದಿರಿಸುವ ಜಾಲತಾಣಗಳು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವಾಗ ಸುರಕ್ಷತೆ, ಶುಚಿತ್ವ, ಸ್ಥಳ, ಸಿಬ್ಬಂದಿ, ವಾತಾವರಣ ಎಂದು ಬಿಡಿಬಿಡಿಯಾಗಿಯೂ ತೋರಿಸುತ್ತವೆ. ಶುಚಿತ್ವ, ಸುರಕ್ಷತೆ ಈ ಎರಡರಲ್ಲಿ 8.5ಕ್ಕಿಂತ ಕೆಳಗಿದ್ದರೆ ನಾನು ಮುಂದೆ ಓದುವುದಿಲ್ಲ. ವಾತಾವರಣದ ಅಂಕ ಏಳಿದ್ದರೂ ನಡೆಯುತ್ತದೆ. ಅದರ ಜೊತೆಗೆ ಎಷ್ಟು ಮಂದಿ ಅಂಕ ಕೊಟ್ಟಿದ್ದಾರೆ ಎಂದೂ ನೋಡಿ. ಹನ್ನೆರಡು ಮಂದಿಯ 9.6ಕ್ಕಿಂತ ಎಂಟುನೂರು ಮಂದಿಯ 8.9ರಲ್ಲಿ ಹೆಚ್ಚು ತೂಕವಿದೆ.

ಆಮೇಲೆ ರಿವ್ಯೂಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿಕೊಳ್ಳಿ. ಹಾಸ್ಟೆಲ್‌ಗಳಲ್ಲಿ ಸಿಬ್ಬಂದಿ ಬದಲಾಗುತ್ತಲೇ ಇರುತ್ತಾರೆ, ಮಾಲೀಕರೂ ಬದಲಾಗುತ್ತಾರೆ. ಎರಡು ವರ್ಷದ ಹಿಂದಿನ ಹೊಗಳಿಕೆ ಈಗಿನ ಹಾಸಿಗೆಗೆ ಸಾಕ್ಷಿಯಲ್ಲ. ಕಳೆದ ಮೂರು ತಿಂಗಳದ್ದನ್ನು ಪೂರ್ತಿ ಓದಿ. ಹುಡುಕುವ ಸೌಲಭ್ಯ ಇದ್ದರೆ ತಿಗಣೆ, ಕಳವು, ಲಾಕರ್, ಬಿಸಿನೀರು, ವಾಸನೆ ಇವಕ್ಕೆ ಆ ತಾಣದ ಭಾಷೆಯಲ್ಲಿ ಬಳಸುವ ಪದ ಹಾಕಿ ನೋಡಿ. ತಿಗಣೆಯ ದೂರು ಒಂದು ಇದ್ದರೆ ಹಾಸ್ಟೆಲ್‌ನವರು ಅದಕ್ಕೆ ಏನು ಉತ್ತರ ಕೊಟ್ಟಿದ್ದಾರೆ ಎಂಬುದು ದೂರಿಗಿಂತ ಮುಖ್ಯ. ಕೋಣೆ ಮುಚ್ಚಿ ಕೀಟ ನಿಯಂತ್ರಣದವರನ್ನು ಕರೆಸಿದೆವು ಎಂದು ದಿನಾಂಕ ಸಮೇತ ಬರೆದವರನ್ನು ನಂಬಬಹುದು. 'ನಮ್ಮಲ್ಲಿ ಇಂಥದ್ದು ಯಾವತ್ತೂ ಆಗಿಲ್ಲ, ನೀವೇ ತಂದಿರಬೇಕು' ಎಂದು ಜಗಳಕ್ಕೆ ನಿಂತವರನ್ನು ಬಿಟ್ಟುಬಿಡಿ. ನಾಳೆ ನಿಮ್ಮ ದೂರಿಗೂ ಅದೇ ಉತ್ತರ.

ಒಂದೇ ವಾರದಲ್ಲಿ ಹತ್ತಾರು ಮಂದಿ ಒಂದೇ ಸಿಬ್ಬಂದಿಯ ಹೆಸರು ಹಿಡಿದು ಒಂದೊಂದು ಸಾಲು ಹೊಗಳಿದ್ದರೆ ಅದು ಹೇಳಿ ಬರೆಸಿದ್ದು. ಅತಿ ಹೊಗಳಿಕೆ, ಅತಿ ಬೈಗುಳ ಎರಡನ್ನೂ ದಾಟಿ ನಡುವಿನ ಅಂಕ ಕೊಟ್ಟವರನ್ನು ಓದಿ. ಅವರು ಕೋಪವಿಲ್ಲದೆ ವಿವರ ಬರೆಯುತ್ತಾರೆ. ಕೆಲವೊಮ್ಮೆ ಬೈಗುಳವೇ ಶಿಫಾರಸಾಗುತ್ತದೆ. 'ರಾತ್ರಿ ಹನ್ನೊಂದಕ್ಕೆಲ್ಲ ಸಂಗೀತ ನಿಲ್ಲಿಸಿಬಿಟ್ಟರು, ತೀರಾ ನೀರಸ' ಎಂದು ಒಬ್ಬರು ಒಂದೇ ನಕ್ಷತ್ರ ಕೊಟ್ಟಿದ್ದರೆ, ನಿದ್ದೆ ಬೇಕಾದವರು ಕಣ್ಣುಮುಚ್ಚಿ ಕಾಯ್ದಿರಿಸಬಹುದು. ತಿಂಗಳುಗಟ್ಟಲೆ ಅಲ್ಲೇ ವಾಸವಾಗಿರುವವರ ಬಗ್ಗೆ ಹಲವರು ಬರೆದಿದ್ದರೆ ಮಾತ್ರ ಎಚ್ಚರ. ಅಂಥ ಕಡೆ ಅಡುಗೆಮನೆ, ಫ್ರಿಜ್, ಕೂರುವ ಸೋಫಾ ಎಲ್ಲಕ್ಕೂ ಆಗಲೇ ಒಡೆಯರಿರುತ್ತಾರೆ.

ಲಾಕರ್, ಬೀಗ, ಬೆಂಕಿ

'ಲಾಕರ್ ಇದೆ' ಎಂಬ ಎರಡು ಪದ ಏನನ್ನೂ ಹೇಳುವುದಿಲ್ಲ. ಕೋಣೆಯೊಳಗೆ ಮಂಚದಡಿ ಇಡೀ ಬೆನ್ನುಚೀಲ ಹಿಡಿಸುವ ಪೆಟ್ಟಿಗೆಯೂ ಲಾಕರ್, ರಿಸೆಪ್ಷನ್ ಪಕ್ಕ ಪಾಸ್‌ಪೋರ್ಟ್ ಮತ್ತು ಪರ್ಸ್ ಮಾತ್ರ ಹಿಡಿಸುವ ಗೂಡೂ ಲಾಕರ್. ಎಲ್ಲಿದೆ, ಎಷ್ಟು ದೊಡ್ಡದು, ದಿನಕ್ಕೆ ಬಾಡಿಗೆ ಉಂಟೇ, ಬೀಗ ಯಾರದು ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಬೇಕು. ಬಹಳಷ್ಟು ಕಡೆ ಬೀಗ ನೀವೇ ಒಯ್ಯಬೇಕು. ಗಟ್ಟಿಯಾಗಿರಲೆಂದು ಮನೆಯ ಗೇಟಿನ ದಪ್ಪ ಬೀಗ ಒಯ್ಯಬೇಡಿ, ಅದರ ಕೊಂಡಿ ಲಾಕರ್‌ನ ತೂತಿಗೆ ಹೋಗುವುದೇ ಇಲ್ಲ. ಐದಾರು ಮಿಲಿಮೀಟರ್ ದಪ್ಪದ ಕೊಂಡಿಯ, ಅಂಕಿ ತಿರುಗಿಸಿ ತೆರೆಯುವ ಬೀಗ ಹೆಚ್ಚಿನೆಡೆ ಹೊಂದುತ್ತದೆ. ಕೀಲಿ ಕಳೆಯುವ ಭಯವೂ ಇಲ್ಲ.

ಕಳ್ಳತನಕ್ಕೆ ಹೆದರುವಷ್ಟು ಜನ ಬೆಂಕಿಗೆ ಹೆದರುವುದಿಲ್ಲ. ಹೆದರಬೇಕು. 2000ದ ಜೂನ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಚಿಲ್ಡರ್ಸ್ ಎಂಬ ಸಣ್ಣ ಊರಿನಲ್ಲಿ ಬ್ಯಾಕ್‌ಪ್ಯಾಕರ್ ಹಾಸ್ಟೆಲೊಂದಕ್ಕೆ ಬೆಂಕಿ ಬಿದ್ದು ಹದಿನೈದು ಮಂದಿ ಸತ್ತರು. ಬೆಂಕಿ ಇಟ್ಟವನೊಬ್ಬ, ಆದರೆ ಹೊಗೆ ಎಚ್ಚರಿಕೆ ಕೆಲಸ ಮಾಡುತ್ತಿರಲಿಲ್ಲ, ಕಿಟಕಿಗಳಿಗೆ ಸರಳು ಹಾಕಿದ್ದರು. ಚಿತ್ರ ನೋಡುವಾಗಲೇ ಚಾವಣಿಯಲ್ಲಿ ಹೊಗೆ ಸೂಚಕದ ದುಂಡು ಬಿಲ್ಲೆ, ಬಾಗಿಲ ಮೇಲೆ ತುರ್ತು ನಿರ್ಗಮನದ ಹಸಿರು ಅಥವಾ ಕೆಂಪು ಫಲಕ ಕಾಣುತ್ತದೆಯೇ ಎಂದು ಹುಡುಕಿ. ಕಿಟಕಿಯೇ ಇಲ್ಲದ ನೆಲಮಾಳಿಗೆಯ ಡಾರ್ಮ್ ಎಷ್ಟೇ ಅಗ್ಗವಾಗಿದ್ದರೂ ಬೇಡ.

ನಿಯಮಗಳ ಸಣ್ಣ ಅಕ್ಷರ

ಹಾಸ್ಟೆಲ್‌ಗಳು ಹುಟ್ಟಿದ್ದು ಶಾಲಾ ಮೇಷ್ಟರೊಬ್ಬರಿಂದ. ಜರ್ಮನಿಯ ರಿಚರ್ಡ್ ಶಿರ್ಮನ್ 1909ರಲ್ಲಿ ಮಕ್ಕಳೊಂದಿಗೆ ಚಾರಣ ಹೊರಟು ಗುಡುಗು ಮಳೆಗೆ ಸಿಕ್ಕಿ ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆದಾಗ, ನಡೆಯುವ ಎಳೆಯರಿಗೆ ದಾರಿಯುದ್ದಕ್ಕೂ ಇಂಥ ತಂಗುದಾಣಗಳಿರಬೇಕು ಎಂದು ಅವರಿಗೆ ತೋಚಿತು. 1912ರಲ್ಲಿ ಆಲ್ಟೆನಾ ಊರಿನ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. ಇಂದು ಹಾಸ್ಟೆಲಿಂಗ್ ಇಂಟರ್‌ನ್ಯಾಷನಲ್ ಎಂದು ಕರೆಸಿಕೊಳ್ಳುವ ಒಕ್ಕೂಟ ಶುರುವಾದದ್ದು 1932ರಲ್ಲಿ. ಆ ಮೇಷ್ಟರ ಶಿಸ್ತಿನ ನೆರಳು ಕೆಲವು ಹಾಸ್ಟೆಲ್‌ಗಳಲ್ಲಿ ಇನ್ನೂ ಇದೆ. ಇಂತಿಷ್ಟು ಗಂಟೆಗೆ ಮುಂಬಾಗಿಲು ಹಾಕುತ್ತಾರೆ. ಕೆಲವೆಡೆ ಶುಚಿಗೊಳಿಸಲು ಹಗಲು ಕೆಲ ಗಂಟೆ ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸುತ್ತಾರೆ. ಜ್ವರ ಬಂದು ಮಲಗಿದವರಿಗೆ ಇದು ತಮಾಷೆಯಲ್ಲ. ಒಕ್ಕೂಟದ ಹಾಸ್ಟೆಲ್‌ಗಳಲ್ಲಿ ಸದಸ್ಯತ್ವದ ಕಾರ್ಡ್ ಇದ್ದವರಿಗೆ ರಿಯಾಯಿತಿ ಸಿಗುತ್ತದೆ. ಎರಡು ಮೂರು ರಾತ್ರಿಗಿಂತ ಹೆಚ್ಚು ತಂಗುವುದಾದರೆ ಲೆಕ್ಕ ಹಾಕಿ ನೋಡಬಹುದು.

ಚೆಕ್-ಇನ್ ಬಹುತೇಕ ಮಧ್ಯಾಹ್ನ ಎರಡು ಮೂರರ ಮೇಲೆ, ಚೆಕ್-ಔಟ್ ಬೆಳಿಗ್ಗೆ ಹತ್ತು ಹನ್ನೊಂದರೊಳಗೆ. ಬೆಳಗಿನ ಜಾವ ಬಂದಿಳಿಯುವವರು ಚೀಲ ಇಡಲು ಕೋಣೆ ಉಂಟೇ, ಹಣ ಕೊಡಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ವಯಸ್ಸಿನ ಮಿತಿಯನ್ನು ತಪ್ಪದೆ ಓದಿ. ಹದಿನೆಂಟಾಗದವರನ್ನು ಡಾರ್ಮ್‌ಗೆ ಸೇರಿಸದ ಹಾಸ್ಟೆಲ್‌ಗಳು ಬಹಳ. ಮೂವತ್ತೈದೋ ನಲವತ್ತೋ ದಾಟಿದವರಿಗೆ ಇಲ್ಲ ಎನ್ನುವವೂ ಇವೆ. ಸ್ವಂತ ಸ್ಲೀಪಿಂಗ್ ಬ್ಯಾಗ್ ಬಳಸುವುದನ್ನು ಹಲವೆಡೆ ತಿಗಣೆಯ ಭಯಕ್ಕೆ ನಿಷೇಧಿಸಿರುತ್ತಾರೆ.

ಈಗ ಬೆಲೆ

ಇಷ್ಟೆಲ್ಲ ದಾಟಿ ಉಳಿದ ಮೂರು ನಾಲ್ಕು ಹಾಸ್ಟೆಲ್‌ಗಳ ಬೆಲೆಯನ್ನು ಈಗ ಹೋಲಿಸಿ, ಪಟ್ಟಿಯಲ್ಲಿ ಕಾಣುವ ಬೆಲೆಯನ್ನಲ್ಲ, ನಿಮ್ಮ ಕೈಯಿಂದ ಹೋಗುವ ಮೊತ್ತವನ್ನು. ಟವೆಲ್ ಬಾಡಿಗೆ, ಕೆಲವೆಡೆ ಹಾಸು ಹೊದಿಕೆಯ ಬಾಡಿಗೆ, ಲಾಕರ್, ಹಲವು ನಗರಗಳಲ್ಲಿ ತಲೆಗಿಷ್ಟು ರಾತ್ರಿಗಿಷ್ಟು ಎಂದು ವಿಧಿಸುವ ಪ್ರವಾಸಿ ತೆರಿಗೆ, ಕಾರ್ಡ್‌ನಲ್ಲಿ ಕೊಟ್ಟರೆ ಹೆಚ್ಚುವರಿ ಶುಲ್ಕ. ಕೀಲಿಗೆ ಕೊಡುವ ಠೇವಣಿ ವಾಪಸಾಗುತ್ತದೆ, ಆದರೆ ಬಹುಪಾಲು ನಗದಿನಲ್ಲೇ ಕೇಳುತ್ತಾರೆ. 'ಅಡುಗೆಮನೆ ಇದೆ' ಎಂದಿದ್ದರೆ ಚಿತ್ರದಲ್ಲಿ ಒಲೆ ಕಾಣುತ್ತದೆಯೇ ನೋಡಿ. ಮೈಕ್ರೋವೇವ್ ಮತ್ತು ಸಿಂಕ್ ಇಟ್ಟು ಅಡುಗೆಮನೆ ಎನ್ನುವವರಿದ್ದಾರೆ. ನಾಲ್ಕೈದು ದಿನ ತಂಗುವವರಿಗೆ ಒಳ್ಳೆಯ ಅಡುಗೆಮನೆ ಹಾಸಿಗೆಯ ಬೆಲೆಯ ವ್ಯತ್ಯಾಸವನ್ನು ತಾನೇ ತೀರಿಸಿಕೊಡುತ್ತದೆ.

ವಾರಾಂತ್ಯಕ್ಕೆ ಬೆಲೆ ಏರುತ್ತದೆ. ದಿನಾಂಕ ಹಿಂದುಮುಂದಾಗಿಸಲು ಸಾಧ್ಯವಿದ್ದರೆ ಪಾರ್ಟಿ ಊರುಗಳಿಗೆ ವಾರದ ನಡುವೆ ಹೋಗಿ. ಹಾಸಿಗೆಯೂ ಅಗ್ಗ, ನಿದ್ದೆಯೂ ಉಂಟು.

ಕಾಯ್ದಿರಿಸುವಾಗ

ಎಷ್ಟೇ ಮೆಚ್ಚಿಗೆಯಾಗಿದ್ದರೂ ಮೊದಲ ಸಲಕ್ಕೆ ಎರಡು ರಾತ್ರಿ ಮಾತ್ರ ಕಾಯ್ದಿರಿಸಿ. ಹಿಡಿಸಿದರೆ ಮುಂದುವರಿಸಬಹುದು, ಹಿಡಿಸದಿದ್ದರೆ ಬಿಡುವುದು ಸುಲಭ. ಹಬ್ಬ, ರಜೆಯ ದಿನಗಳಲ್ಲಿ ಮಾತ್ರ ಈ ಸಲಹೆ ನಡೆಯದು, ಆಗ ಹಾಸಿಗೆ ಸಿಗುವುದೇ ಕಷ್ಟ. ಹಣ ವಾಪಸಾಗದ ದರ ಸ್ವಲ್ಪ ಕಡಿಮೆ ಇರುತ್ತದೆ, ಆಸೆಪಡಬೇಡಿ. ಉಚಿತ ರದ್ದತಿಯ ಗಡುವು ಯಾವ ದಿನ, ಎಷ್ಟು ಗಂಟೆಗೆ, ಯಾವ ಊರಿನ ಗಡಿಯಾರದಲ್ಲಿ ಎಂದು ನೋಡಿ ಬರೆದಿಟ್ಟುಕೊಳ್ಳಿ. ಹಾಸ್ಟೆಲ್‌ನ ಸ್ವಂತ ಜಾಲತಾಣದಲ್ಲೂ ಒಮ್ಮೆ ಬೆಲೆ ನೋಡಿ. ಕಮಿಷನ್ ಉಳಿಯುವುದರಿಂದ ಅಲ್ಲಿ ಕಡಿಮೆ ಇರುವುದುಂಟು.

ಹಣ ಕಟ್ಟುವ ಮೊದಲು ಅವರಿಗೊಂದು ಸಂದೇಶ ಕಳಿಸಿ: 'ರಾತ್ರಿ ಹನ್ನೊಂದೂವರೆಗೆ ಬರುತ್ತೇನೆ, ರಿಸೆಪ್ಷನ್ ತೆರೆದಿರುತ್ತದೆಯೇ? ಕೆಳಗಿನ ಮಂಚ ಸಿಗಬಹುದೇ?' ಉತ್ತರದಲ್ಲಿ ಏನಿದೆ ಎಂಬುದರಷ್ಟೇ ಎಷ್ಟು ಹೊತ್ತಿಗೆ, ಯಾವ ದನಿಯಲ್ಲಿ ಬಂತು ಎಂಬುದೂ ತಿಳಿಸಿಕೊಡುತ್ತದೆ. ಎರಡು ದಿನವಾದರೂ ಉತ್ತರಿಸದವರು ನಡುರಾತ್ರಿಯ ಫೋನ್ ಎತ್ತುವ ಭರವಸೆಯಿಲ್ಲ. ವಿಳಾಸ, ಫೋನ್, ನಡೆಯುವ ದಾರಿಯ ನಕ್ಷೆ ಇವುಗಳ ಚಿತ್ರ ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ, ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವಂತೆ. ಹೇಳಿದ ಹೊತ್ತಿಗೆ ತಲುಪಲು ಆಗದಿದ್ದರೆ ತಿಳಿಸಿಬಿಡಿ. ಬರಲಿಲ್ಲವೆಂದು ಹಾಸಿಗೆಯನ್ನು ಬೇರೆಯವರಿಗೆ ಕೊಟ್ಟು ಮೊದಲ ರಾತ್ರಿಯ ಹಣವನ್ನೂ ಹಿಡಿದುಕೊಳ್ಳುವ ನಿಯಮ ಬಹಳ ಕಡೆ ಇದೆ.

ಕೋಣೆಗೆ ಕಾಲಿಟ್ಟ ಮೇಲೆ

ಚೀಲವನ್ನು ಹಾಸಿಗೆಯ ಮೇಲೆ ಎಸೆಯಬೇಡಿ. ಬಾಗಿಲ ಬಳಿಯೋ ಬಚ್ಚಲಿನ ಹೆಂಚು ನೆಲದ ಮೇಲೋ ಇಟ್ಟು, ಮೊಬೈಲ್ ಟಾರ್ಚ್ ಹಿಡಿದು ಹಾಸಿಗೆಯ ಒಂದು ಮೂಲೆಯ ಹೊದಿಕೆ ಎತ್ತಿ ನೋಡಿ. ಹೊಲಿಗೆಯ ಮಡಿಕೆಯಲ್ಲಿ, ಮಂಚದ ಸ್ಕ್ರೂ ತೂತುಗಳಲ್ಲಿ, ತಲೆಹಲಗೆಯ ಹಿಂದೆ ಶಾಯಿಪೆನ್ನಿನ ಮೊನೆ ತಾಗಿಸಿದಂಥ ಕಪ್ಪು ಚುಕ್ಕೆಗಳ ಗುಂಪು ಕಂಡರೆ ಅದು ತಿಗಣೆಯ ಹಿಕ್ಕೆ. ಬೆಳೆದ ತಿಗಣೆ ಐದರಿಂದ ಏಳು ಮಿಲಿಮೀಟರ್ ಉದ್ದ, ಕಂದುಗೆಂಪು, ಚಪ್ಪಟೆ. ಪೊರೆ ಕಳಚಿದ ಹಳದಿ ಸಿಪ್ಪೆಗಳೂ ಸಿಗಬಹುದು. ಹಗಲು ಹುಳು ಕಾಣದಿದ್ದರೂ ಈ ಗುರುತುಗಳು ಅಳಿಸಿರುವುದಿಲ್ಲ. ಎಲ್ಲ ಸೇರಿ ಎರಡು ನಿಮಿಷದ ಕೆಲಸ, ಮುಜುಗರ ಬೇಡ.

ಏನೂ ಕಾಣದಿದ್ದರೆ, ಮಂಚ ಆರಿಸುವ ಅವಕಾಶ ಸಿಕ್ಕಲ್ಲಿ ಬಾಗಿಲು ಮತ್ತು ಬಚ್ಚಲಿನಿಂದ ದೂರದ್ದನ್ನು ಹಿಡಿಯಿರಿ. ಎಸಿಯ ಗಾಳಿ ನೇರ ಬೀಳುವ ಮೇಲಿನ ಮಂಚ ಬೇಡ. ತುರ್ತು ದಾರಿಯವರೆಗೆ ಒಮ್ಮೆ ನಡೆದು ಹೋಗಿ, ಬಾಗಿಲು ತೆರೆಯುತ್ತದೆಯೇ ಎಂದು ನೋಡಿ ಬನ್ನಿ. ಮಲಗುವ ಮೊದಲೇ ಬೆಳಿಗ್ಗೆಗೆ ಬೇಕಾದ ಬಟ್ಟೆ, ಹಲ್ಲುಜ್ಜುವ ಸಾಮಾನು ಹೊರತೆಗೆದಿಡಿ. ಇಯರ್‌ಪ್ಲಗ್, ಕಣ್ಣುಪಟ್ಟಿ ದಿಂಬಿನ ಪಕ್ಕ. ನಸುಕಿನಲ್ಲಿ ಪ್ಲಾಸ್ಟಿಕ್ ಚೀಲ ಪರಪರ ಎನ್ನಿಸುವವರನ್ನು ಇಡೀ ಕೋಣೆ ಶಪಿಸುತ್ತದೆ.

ತಿಗಣೆಯ ಗುರುತು ಕಂಡರೆ ಮೊದಲು ಚಿತ್ರ ತೆಗೆದುಕೊಳ್ಳಿ, ಆಮೇಲೆ ರಿಸೆಪ್ಷನ್‌ಗೆ ಹೋಗಿ ತಣ್ಣಗೆ ಹೇಳಿ. ಪಕ್ಕದ ಕೋಣೆ ಕೊಡುತ್ತೇವೆ ಎಂದರೆ ಒಪ್ಪಬೇಡಿ, ಗೋಡೆಯ ಬಿರುಕಿನಲ್ಲಿ ಅವು ಆಚೆಗೂ ಹೋಗಿರುತ್ತವೆ. ಬೇರೆ ಮಹಡಿಯ ಕೋಣೆ ಅಥವಾ ಹಣ ವಾಪಸ್ ಕೇಳಿ. ಆಗಲೇ ಒಂದು ರಾತ್ರಿ ಮಲಗಿಬಿಟ್ಟಿದ್ದರೆ ಬಟ್ಟೆಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, 60 ಡಿಗ್ರಿ ಬಿಸಿನೀರಿನ ಯಂತ್ರಕ್ಕೆ ಹಾಕಿ, ಬಿಸಿಗಾಳಿಯ ಡ್ರೈಯರ್‌ನಲ್ಲಿ ಚೆನ್ನಾಗಿ ಒಣಗಿಸಿ. ತಿಗಣೆಯಿಂದ ರೋಗ ಹರಡುವುದಿಲ್ಲ, ತುರಿಕೆ ಕೆಲ ದಿನಗಳಲ್ಲಿ ಇಳಿಯುತ್ತದೆ. ಆ್ಯಪ್ ಮೂಲಕ ಕಾಯ್ದಿರಿಸಿದ್ದರೆ ಅಲ್ಲಿಂದ ಹೊರಡುವ ಮೊದಲೇ, ಅದೇ ದಿನ, ಚಿತ್ರ ಸಮೇತ ದೂರು ದಾಖಲಿಸಿ. ವಾರ ಕಳೆದು ಬರೆದರೆ ಹಣ ವಾಪಸಾಗುವುದು ಕಷ್ಟ.